‘ಮಾಡು’ ಎನ್ನದೆ ಎಂಜಿನ್ ಚಾಲೂ ಇಲ್ಲ

ನನ್ನ ತವರಿನಿಂದ ನನಗೆ ಬಂದದ್ದು ಒಂದು ಡೀಸೆಲ್ ಎಂಜಿನ್. ಸರ, ಬಳೆ, ಕಪಾಟು ಇವೆಲ್ಲ ನನಗೂ ಅಷ್ಟಿಷ್ಟು ಬಂದವು. ಆದರೆ ಗಂಡನ ಮನೆಯ ಕಡೆಯವರು ಇವತ್ತಿಗೂ ನೆನಪಿಟ್ಟುಕೊಂಡಿರುವುದು ಎಂಜಿನನ್ನು ಮಾತ್ರ. ಮದುವೆಯಾದ ವರ್ಷ ಮಳೆ ಮುಗಿದ ಮೇಲೆ ಅಪ್ಪ ಅದನ್ನು ಟೆಂಪೋದಲ್ಲಿ ಹಾಕಿಕೊಂಡು, ತಾನೂ ಅದರ ಪಕ್ಕದಲ್ಲೇ ಕುಳಿತು, ಅಂಕೋಲೆಯ ನಮ್ಮ ಅಂಗಳಕ್ಕೆ ತಂದಿಳಿಸಿದ. ಅದಕ್ಕೆ ಹೊದೆಸಿದ್ದ ಗೋಣಿಯನ್ನು ಅತ್ತೆ ಸರಿಸಿ ಇಣುಕಿ ನೋಡಿದರು.

"ಎಂತಾ ಮಾರಾಯ್ರೆ ಇದು? ನಾ ಎಮ್ಮೆ ಕಳಿಸ್ತ್ರಿ ಅಂದ್ಕಂಡಿ ಹುಲ್ಲು ತೆಗ್ದಿಟ್ಟಿದ್ದೆ."

"ಎಮ್ಮೆಗಿಂತ ಒಳ್ಳೇದು ಅದೆ ಅಕ್ಕಾ, ಕುಡಿದಷ್ಟೇ ದುಡೀತದೆ" ಎಂದ ಅಪ್ಪ. ಅತ್ತೆಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಸಗಣಿ ಹಾಕುವುದಿಲ್ಲವಲ್ಲ ಎಂದು ಅವರು ಇಂದಿಗೂ ಹೇಳುವುದುಂಟು.

ಆ ಎಂಜಿನ್ ನನ್ನ ತವರೂರು ಚೆಂಡಿಯಾದಲ್ಲಿದ್ದ ನಮ್ಮ ಗದ್ದೆಯದು. ಕಾರವಾರದ ನೌಕಾನೆಲೆ ಬಂದಾಗ ಗದ್ದೆ ಅದಕ್ಕೆ ಹೋಯಿತು. ಬಾವಿಯನ್ನು ಕಿತ್ತು ತರುವ ಹಾಗಿರಲಿಲ್ಲ, ತೆಂಗಿನಮರಗಳನ್ನೂ ತರುವ ಹಾಗಿರಲಿಲ್ಲ. ಎಂಜಿನ್ನಿಗೆ ಮಾತ್ರ ಕೆಳಗಿನ ಬೋಲ್ಟು ಬಿಚ್ಚಿದರೆ ಸಾಕಿತ್ತು. ಅಪ್ಪನಿಗೆ ಕೊಟ್ಟ ಹೊಸ ಜಾಗದಲ್ಲಿ ಮನೆ ಕಟ್ಟಿದ ಮೇಲೆ ಉಳಿದ ನೆಲಕ್ಕೆ ತಂಬಿಗೆಯಲ್ಲೇ ನೀರು ಹೊಯ್ಯಬಹುದಿತ್ತು. ಜಗುಲಿಯ ಮೇಲೆ ಕೆಲಸವಿಲ್ಲದೆ ಕುಳಿತ ಎಂಜಿನನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಮಗಳನ್ನು ಕೊಟ್ಟ ಮನೆಗೆ ಹಳ್ಳದ ಬದಿಯಲ್ಲಿ ತರಕಾರಿ ಗದ್ದೆ ಇದೆ, ಕರೆಂಟಿನ ಕಂಬ ರಸ್ತೆಯ ತನಕ ಬಂದು ನಿಂತುಬಿಟ್ಟಿದೆ ಎಂದು ತಿಳಿದಾಗ ಅವನಿಗಾದ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಈಗ ಅಪ್ಪ ಇಲ್ಲ. ಚೆಂಡಿಯಾದ ಆ ಗದ್ದೆಯದು ಅಂತ ನನ್ನ ಹತ್ತಿರ ಉಳಿದಿರುವುದು ಇದೊಂದೇ. ಅದನ್ನೂ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯವರು ಗುಜರಿಯವನಿಗೆ ಕೊಟ್ಟುಬಿಡುವವರಿದ್ದರು. ಆ ಸುದ್ದಿಯನ್ನೇ ಹೇಳಲು ಕುಳಿತಿದ್ದೇನೆ.

ಎಂಜಿನ್ ಜೊತೆ ಅಪ್ಪ ಒಂದು ಕಟ್ಟಳೆಯನ್ನೂ ತಂದಿದ್ದ. ಹ್ಯಾಂಡಲ್ ತಿರುಗಿಸುವವರು ಮೊದಲು ಗಟ್ಟಿಯಾಗಿ "ಚಾಲೂ ಮಾಡ್ತೇ..." ಎಂದು ಕೂಗಬೇಕು. ಆಚೆ ಬದಿಯಲ್ಲಿ ನಿಂತ ಇನ್ನೊಬ್ಬರು ಚಕ್ರ, ಬೆಲ್ಟು, ಸುತ್ತಮುತ್ತಲನ್ನೆಲ್ಲ ಕಣ್ಣಾರೆ ನೋಡಿ "ಮಾಡು!" ಎನ್ನಬೇಕು. ‘ಮಾಡು’ ಎನ್ನುವ ತನಕ ಹ್ಯಾಂಡಲ್ ಮುಟ್ಟುವಂತಿಲ್ಲ. ಚೆಂಡಿಯಾದಲ್ಲಿ ಇದಕ್ಕೆ ಕಾರಣವಿತ್ತು. ನಮ್ಮ ಪಂಪಿನ ನೀರು ಬೀಳುವ ತೊಟ್ಟಿಗೆ ಕೇರಿಯ ಹೆಂಗಸರೆಲ್ಲ ಬಟ್ಟೆ ಒಗೆಯಲು ಬರುತ್ತಿದ್ದರು, ಮಕ್ಕಳು ಬೆಲ್ಟಿನ ಹತ್ತಿರವೇ ಸುಳಿದಾಡುತ್ತಿದ್ದವು. ಬಗ್ಗಿ ಹ್ಯಾಂಡಲ್ ಹಿಡಿದವನಿಗೆ ಆಚೆ ಬದಿ ಕಾಣುವುದಿಲ್ಲ. ಹಾಗಾಗಿ ಕಣ್ಣು ಒಬ್ಬರದ್ದು, ಕೈ ಒಬ್ಬರದ್ದು.

ಅಪ್ಪ ಈ ಕಟ್ಟಳೆಯನ್ನು ಪಾಲಿಸುತ್ತಿದ್ದ ರೀತಿ ನೋಡಿದರೆ ದೇವರ ಕೆಲಸಕ್ಕೂ ಅವನು ಅಷ್ಟು ಮಡಿ ಮಾಡಿದವನಲ್ಲ. ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ, ಬದನೆ ಸಸಿ ಬಾಡಿ ತಲೆ ಬಗ್ಗಿಸಿತ್ತು. ಅಪ್ಪ ಬಾವಿಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತೇ ಇದ್ದನಂತೆ. ಕೊನೆಗೆ ಕಿನ್ನರ ಊರಿನ ಕಡೆಯ ಯಾರೋ ನೆಂಟರ ಮನೆ ಹುಡುಕುತ್ತ ಬಂದರು. ಅವರನ್ನು ನಿಲ್ಲಿಸಿ, ಎಲ್ಲೆಲ್ಲಿ ನೋಡಬೇಕೆಂದು ಕಲಿಸಿ, ಅವರ ಬಾಯಿಂದ ‘ಮಾಡು’ ಅನ್ನಿಸಿಕೊಂಡ ಮೇಲೆಯೇ ನೆಂಟರ ಮನೆಯ ದಾರಿ ತೋರಿಸಿದ್ದು. ಆ ಪುಣ್ಯಾತ್ಮರು ಆಮೇಲೆ ಊರೆಲ್ಲ ಹೇಳಿಕೊಂಡು ಬಂದರು, ಚೆಂಡಿಯಾದಲ್ಲಿ ಒಬ್ಬರು ಎಂಜಿನ್ನಿಗೆ ಸಾಕ್ಷಿ ಕೇಳುತ್ತಾರೆ ಎಂದು.

ಅಂಕೋಲೆಯ ನಮ್ಮ ಗದ್ದೆಯಲ್ಲಿ ಬಟ್ಟೆ ಒಗೆಯುವವರೂ ಇಲ್ಲ, ಮಕ್ಕಳೂ ಇಲ್ಲ. ಇದ್ದರೆ ಎರಡು ಕೊಕ್ಕರೆ ಇರಬಹುದು. ಆದರೂ ನಾನು ಕೂಗುತ್ತೇನೆ, ನಮ್ಮ ಮನೆಯವರು ‘ಮಾಡು’ ಅನ್ನುತ್ತಾರೆ. ಅವರು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಬೆಳಗಿನ ಬಸ್ಸಿಗೆ ಹೊರಡುವ ಮೊದಲು ಗದ್ದೆಗೆ ಬಂದು ‘ಮಾಡು’ ಅಂದು ಹೋಗುವುದು ಅವರ ಪಾಲಿನ ಕೃಷಿ. ಯಾರಾದರೂ ಕೇಳಿದರೆ "ನಾವೂ ಗದ್ದೆ ಮಾಡ್ತೇವೆ" ಎಂದು ಅವರು ಹೇಳುವುದು ಈ ಆಧಾರದ ಮೇಲೆಯೇ. ಎಂಜಿನ್ ಎಂದರೆ ಅವರಿಗೆ ಮೊದಲಿಂದಲೂ ಭಯ. ಅದು ಕೆಮ್ಮಿದರೆ ಹಿಂದೆ ಸರಿಯುತ್ತಾರೆ, ಹೊಗೆ ಬಿಟ್ಟರೆ ಇನ್ನೂ ಹಿಂದೆ ಸರಿಯುತ್ತಾರೆ. ನಾನು ಅದನ್ನು ಹೇಳಿ ನಗಿಸದ ನೆಂಟರ ಮನೆ ಇಲ್ಲ. ಮದುವೆಮನೆ, ನಾಮಕರಣ, ಎಲ್ಲಿ ನಾಲ್ಕು ಹೆಂಗಸರು ಕುಳಿತರೂ ನಮ್ಮ ಮನೆಯವರು ಹಿಂದೆ ಸರಿದ ಕಥೆ ಒಂದು ಇದ್ದೇ ಇರುತ್ತದೆ. ಅವರೂ ದೂರದಿಂದ ಕೇಳಿಸಿಕೊಂಡು ನಗುತ್ತಾರೆ, ಅದೊಂದು ಒಳ್ಳೆಯ ಗುಣ.

ಇನ್ನು ನನ್ನ ಕೈಯ ಕಥೆ. ಹೋದ ವರ್ಷ, ಚಳಿ ಶುರುವಾಗಿ ಹರಿವೆ ಮಡಿಗೆ ಮೊದಲ ನೀರು ಬಿಡುವ ದಿನಗಳು. ಹ್ಯಾಂಡಲ್ ಎಂಜಿನ್ ಚಾಲೂ ಮಾಡುವುದು ಎರಡು ಕೈಯ ಕೆಲಸ. ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸಬೇಕು, ಎಡಗೈಯಲ್ಲಿ ಮೇಲಿನ ಚಿಕ್ಕ ಲಿವರನ್ನು ಎತ್ತಿ ಹಿಡಿದಿರಬೇಕು. ಚಕ್ರಕ್ಕೆ ಚೆನ್ನಾಗಿ ವೇಗ ಬಂದ ಮೇಲೆ ಲಿವರ್ ಬಿಟ್ಟರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹ್ಯಾಂಡಲ್ ತಾನಾಗಿ ಕಳಚಿ ಬರುತ್ತದೆ. ವೇಗ ಬರುವ ಮೊದಲೇ ಬಿಟ್ಟರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ಕೂಡ ಕೈಯನ್ನು ಎಳೆದುಕೊಂಡು ಹಿಂದಕ್ಕೇ ತಿರುಗುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು.

ಗೊತ್ತಿದ್ದು ಏನು ಮಾಡುವುದು. ಅದಕ್ಕೆ ಮುಂಚೆ ಗಾಳಿಯೆದ್ದು ದೋಣಿಗಳು ಇಳಿದಿರಲಿಲ್ಲ, ಬಹಳ ದಿನದಿಂದ ಮನೆಯಲ್ಲಿ ಮೀನಿನ ವಾಸನೆಯೇ ಇರಲಿಲ್ಲ. ನಾನು ಬೇಳೆಸಾರು ಬಡಿಸಿದಾಗಲೆಲ್ಲ ಅತ್ತೆ ಯಾರೋ ಸತ್ತವರ ಮನೆಯಲ್ಲಿ ಉಂಡ ಹಾಗೆ ಉಣ್ಣುತ್ತಿದ್ದರು. ಆವತ್ತು ನಾನು ಕೂಗಿದೆ, ನಮ್ಮ ಮನೆಯವರು ‘ಮಾಡು’ ಅಂದರು, ನಾನು ಹ್ಯಾಂಡಲ್ ತಿರುಗಿಸತೊಡಗಿದೆ. ಅಷ್ಟರಲ್ಲಿ ರಸ್ತೆಯ ಮೇಲೆ ಕೇಣಿ ಊರಿನ ಮೀನಿನವನ ಸ್ಕೂಟರ್ ಹಾರ್ನ್ ಕೇಳಿತು. ನನ್ನ ತಲೆ ತಾನಾಗಿ ಆ ಕಡೆ ತಿರುಗಿತು, ಬಾಯಿ ತಾನಾಗಿ "ನಿಲ್ಲೋ! ಬಂಗಡೆ ಅದ್ಯಾ?" ಎಂದು ಕೂಗಿತು, ಬಲಗೈ ನಿಧಾನವಾಯಿತು, ಎಡಗೈ ಲಿವರ್ ಬಿಟ್ಟಿತು. ಹ್ಯಾಂಡಲ್ ಹಿಂದಕ್ಕೆ ಒದೆದು ಮಣಿಕಟ್ಟು ಮುರಿಯಿತು.

ಘಟ್ಟದ ಮೇಲಿನವರಿಗೆ ಹೀಗಾಗಲಾರದು. ಸಮುದ್ರದ ಬದಿಯವರಿಗೆ ಮಾತ್ರ ಆಗುವ ಅಪಘಾತ ಇದು. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದ ಡಾಕ್ಟರು ಕೂಡ ಕಾರವಾರದವರೇ. ಎಲ್ಲ ಕೇಳಿಸಿಕೊಂಡು, "ಬಂಗಡೆ ಇತ್ತಾ?" ಎಂದು ಕೇಳಿದರು. ಇತ್ತು. ನಮ್ಮನ್ನು ಆಟೋ ಹತ್ತಿಸಿದ ಮೇಲೆ ಅತ್ತೆ ಅಳುತ್ತಲೇ ಹೋಗಿ ಬಂಗಡೆ ಆರಿಸಿ ತೆಗೆದುಕೊಂಡಿದ್ದರು. ಸಂಜೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ನಾನು ಎಡಗೈಯಲ್ಲಿ ಬಂಗಡೆ ಹುಳಿಯ ಮುಳ್ಳು ಬಿಡಿಸಲು ಹೆಣಗುತ್ತಿದ್ದರೆ ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ಬಿಡಿಸಿ ಕೊಟ್ಟರು. ಕೇರಿಯವರು ನನಗೆ ‘ಬಂಗಡೆ ಕೈ’ ಎಂದು ಹೆಸರಿಟ್ಟರು. ಊರಿಗೆಲ್ಲ ಹೆಸರಿಡುವ ನನಗೆ ಅದು ಸಲ್ಲಬೇಕಾದದ್ದೇ.

ಅಲ್ಲಿಂದ ಮುಂದೆ ಎಂಜಿನ್ ಚಾಲೂ ಮಾಡುವ ಕೆಲಸ ನಮ್ಮ ಮನೆಯವರ ಪಾಲಿಗೆ ಬಂತು, ‘ಮಾಡು’ ಎನ್ನುವ ಕೆಲಸ ನನ್ನ ಪಾಲಿಗೆ. ಸಾಲದ್ದಕ್ಕೆ ಅದೇ ಹೊತ್ತಿಗೆ ಅವರ ಕಚೇರಿಯಲ್ಲಿ ಜನರೇಟರ್ ಕುರಿತು ಸುರಕ್ಷತೆಯ ತರಬೇತಿ ನಡೆಯಿತು. ಕಚೇರಿಯ ಜನರೇಟರ್ ಕೀಲಿ ತಿರುಗಿಸಿದರೆ ಸಾಕು, ಮುಟ್ಟುವುದಕ್ಕೆ ಬೇರೆ ಜನ ಇದ್ದಾರೆ. ಆದರೂ ಖುರ್ಚಿ ತುಂಬಬೇಕೆಂದು ಇವರನ್ನು ಕೂರಿಸಿದ್ದರು. ಅಲ್ಲಿ ಮಿಕ್ಕವರೆಲ್ಲ ಚಹಾ ಕುಡಿದು ಬಂದರು, ನಮ್ಮವರು ಒಬ್ಬರೇ ಕಲಿತು ಬಂದರು.

ಮರುದಿನದಿಂದ ನಮ್ಮ ಗದ್ದೆಯ ಬೆಳಗು ಬೇರೆಯೇ ಆಯಿತು. ಅವರು ಬರುವಾಗ ತಲೆಯ ಮೇಲೆ ಹಳದಿ ಹೆಲ್ಮೆಟ್. ಎಂಜಿನ್ ಗೂಡಿಗೆ ತಗಡಿನ ಚಾವಣಿ, ಅದರ ಮೇಲೆ ಆಕಾಶ, ಬೀಳುವುದಕ್ಕೆ ಒಂದು ತೆಂಗಿನಕಾಯಿಯೂ ಇಲ್ಲ. ಮೊದಲು ಎಂಜಿನ್ ಸುತ್ತ ಒಂದು ಪ್ರದಕ್ಷಿಣೆ. ಆಮೇಲೆ ಬಗ್ಗಿ ಮೂಸಿ ನೋಡುವುದು, ಡೀಸೆಲ್ ಸೋರಿದೆಯೇ ಎಂದು. ಡೀಸೆಲ್ ಎಂಜಿನ್ ಡೀಸೆಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತದೆಯೇ? ಆಮೇಲೆ ಎಣ್ಣೆಯ ಕಡ್ಡಿ ಹೊರಗೆಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವರು. ಒರೆಸಲು ಗದ್ದೆಯಲ್ಲಿ ಬೇಕಾದಷ್ಟು ಚಿಂದಿ ಇದ್ದರೂ ಅವರ ಕೈಗೆ ಸಿಗುವುದು ನಾನು ಹಿಂದಿನ ದಿನ ತೊಳೆದ ಬನಿಯನ್ನಿನ ಅಂಚು. ಎಂಜಿನ್ ತಂಪು ಮಾಡುವ ತೊಟ್ಟಿಯ ನೀರು, ಬೆಲ್ಟಿನ ಬಿಗಿ, ಕೆಳಗಿನ ಬೋಲ್ಟು, ಎಲ್ಲವನ್ನೂ ತಟ್ಟಿ ತಟ್ಟಿ ನೋಡುವರು. ಪಂಪಿನ ಕೆಳಗಿನ ವಾಲ್ವು ಸೋರುತ್ತದೆ, ಅದಕ್ಕೆ ನಾವು ಸಗಣಿ ನೀರು ಹೊಯ್ದು ಮುಚ್ಚುತ್ತೇವೆ. ಇದು ತರಬೇತಿಯಲ್ಲಿ ಹೇಳಿರಲಿಲ್ಲವಂತೆ. ಅದಕ್ಕೆ ಅವರು ಮೂಗು ಮುಚ್ಚಿಕೊಂಡು ಆಚೆ ನಿಲ್ಲುತ್ತಿದ್ದರು, ಅತ್ತೆ "ಎಮ್ಮೆ ಇದ್ದಿದ್ರೆ ಬೇರೆಯವ್ರ ಮನೆ ಸಗಣಿ ಬೇಕಾಗ್ತಿರ್ಲಿಲ್ಲ" ಎನ್ನುತ್ತ ಹೊಯ್ಯುತ್ತಿದ್ದರು.

ಇಷ್ಟೆಲ್ಲ ನೋಡಿದ ಮಹಾಶಯರು ಒಂದು ದಿನ ಹೊಗೆಕೊಳವೆಯ ಮೇಲಿನ ಗರಟೆ ತೆಗೆಯಲು ಮರೆತರು. ಇಬ್ಬನಿ ಇಳಿಯದಿರಲೆಂದು ರಾತ್ರಿ ಅದರ ಬಾಯಿಗೆ ಒಂದು ಗರಟೆ ಕವುಚಿ ಇಡುತ್ತೇವೆ. ‘ಮಾಡು’ ಎನ್ನುವಾಗ ನನ್ನ ಕಣ್ಣಿಗೆ ಅದು ಬಿದ್ದಿತ್ತು, ಆದರೆ ಹೆಲ್ಮೆಟ್ ಯಾವುದಾದರೂ ಉಪಯೋಗಕ್ಕೆ ಬರಲಿ ಎಂದು ಸುಮ್ಮನಿದ್ದೆ. ಎಂಜಿನ್ ಹಿಡಿದದ್ದೇ ಗರಟೆ ಹಾರಿ ತಗಡಿಗೆ ಬಡಿದು ಠಣ್ಣೆಂದು ಹೆಲ್ಮೆಟ್ಟಿನ ಮೇಲೆ ಬಂದು ಕುಳಿತಿತು. ಅವರು ಓಡಿದ್ದು ಬೆಂಡೆ ಮಡಿ ದಾಟಿ. "ನೋಡಿದ್ಯಾ, ಹೆಲ್ಮೆಟ್ ಇಲ್ಲದಿದ್ರೆ?" ಎಂದು ಅಲ್ಲಿಂದಲೇ ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಲು ಆಗದಷ್ಟು ನಾನು ನಗುತ್ತಿದ್ದೆ.

ಪ್ಲಾಸ್ಟರ್ ತೆಗೆದರು. ಕೈ ತೆಳ್ಳಗಾಗಿ ಬೇರೆ ಯಾರದ್ದೋ ಕೈಯ ಹಾಗೆ ಕಾಣುತ್ತಿತ್ತು. ನಿಧಾನಕ್ಕೆ ಕೆಲಸ ಮಾಡಿ ಎಂದರು ಡಾಕ್ಟರು. ಮೊದಲು ಸೌಟು ಹಿಡಿದೆ, ಆಮೇಲೆ ಕತ್ತಿ, ಆಮೇಲೆ ತುಂಬಿದ ಕೊಡ. ಕಾಯಿ ಕೂಡ ತುರಿದೆ. ಆಮೇಲೆ ಒಂದು ಬೆಳಿಗ್ಗೆ ಗದ್ದೆಗೆ ಹೋಗಿ, "ಇವತ್ತಿಂದ ನಾನೇ" ಎಂದು ಹ್ಯಾಂಡಲ್ ತೆಗೆದುಕೊಂಡೆ. ನಮ್ಮ ಮನೆಯವರು ಬೇಡ ಎನ್ನಲಿಲ್ಲ. ಬೇಡ ಎಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ ಎಂದು ಗೊತ್ತು. ಸುಮ್ಮನೆ ಆಚೆ ಬದಿಗೆ ಹೋಗಿ ನಿಂತರು.

"ಚಾಲೂ ಮಾಡ್ತೇ..."

"ತಡಿ. ಎಣ್ಣೆ ನೋಡಿದ್ಯಾ?"

"ನೀವೇ ನೋಡಿದ್ರಿ ಅಲ್ಲ ಈಗ."

"ನೀರು?"

"ತುಂಬಿದೆ. ಚಾಲೂ ಮಾಡ್ತೇ..."

"ತಡಿ ಮಾರಾಯ್ತಿ. ನಿನ್ನ ಟವೆಲ್ ತುದಿ ನೋಡು."

ನೈಟಿಯ ಮೇಲೆ ಹೊದ್ದ ಟವೆಲ್ ತೆಗೆದು ಸೊಂಟಕ್ಕೆ ಬಿಗಿದೆ. ಕರಿಮಣಿ ಒಳಗೆ ಹಾಕು ಎಂದರು, ಹಾಕಿದೆ. ಜಡೆ ಮೇಲೆ ಕಟ್ಟು, ಕಟ್ಟಿದೆ. ಬಳೆ ತೆಗಿ, ತೆಗೆದು ಅತ್ತೆಯ ಕೈಗೆ ಕೊಟ್ಟೆ. ಚಪ್ಪಲಿ ಜಾರುತ್ತದೆ, ಬಿಡು ಎಂದರು. ಬರಿಗಾಲಲ್ಲಿ ನಿಂತ ಮೇಲೆ, ಬರಿಗಾಲು ಸರಿಯಲ್ಲ, ನನ್ನ ಬೂಟು ತಂದುಕೊಡಲೇ ಎಂದರು. ಎಂಜಿನ್ನಿಗಿಂತ ನನ್ನ ತಪಾಸಣೆಯೇ ಉದ್ದವಾಯಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಅವರೇ ಬಂದು ಹ್ಯಾಂಡಲ್ ತೆಗೆದುಕೊಂಡು ತಿರುಗಿಸಿ ಹೋದರು. ಮರುದಿನ ಹೊಸ ತಪಾಸಣೆ, ಗೂಡಿನಲ್ಲಿ ಹಾವಿದೆಯೇ ಎಂದು. ಅದರ ಮರುದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು. ನಾನು ಕೂಗುವುದು, ಅವರು ‘ತಡಿ’ ಎನ್ನುವುದು. ‘ಮಾಡು’ ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡುವುದಿಲ್ಲ.

ಅವರು ಕಾರವಾರಕ್ಕೆ ಹೋದ ಮೇಲೆ ನಾನೊಬ್ಬಳೇ ತಿರುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನ ಮಗಳು ನಾನು. ‘ಮಾಡು’ ಇಲ್ಲದೆ ಹ್ಯಾಂಡಲ್ ಮುಟ್ಟಲಾರೆ. ಅತ್ತೆಯನ್ನು ಕೇಳಿದೆ.

"ಅತ್ತೆ, ನೀವೊಂದು ಮಾಡು ಅಂದ್ಬಿಡಿ."

"ಎಂತಕ್ಕೆ? ನಾಳೆ ಹೆಚ್ಚುಕಮ್ಮಿ ಆದ್ರೆ ಅಂವ ನನ್ನ ತಲೆ ತಿಂತ. ಗಂಡಹೆಂಡ್ತಿ ಮಧ್ಯ ನಾ ಬರೂದಿಲ್ಲ ಮಗಾ. ನಿಂಗೆ ಬೇಕಾದ್ರೆ ಅವನ ಹತ್ರವೇ ಹೇಳ್ಸ್ಕೋ."

ಹೀಗೆ ದಿನ ಕಳೆಯುತ್ತಿರುವಾಗ ಒಂದು ಸಂಜೆ ಚಹಾ ಕುಡಿಯುತ್ತ ನಮ್ಮ ಮನೆಯವರು, ನನ್ನ ಮುಖ ನೋಡದೆ, ಮೊಬೈಲ್ ನೋಡುತ್ತ ಹೇಳಿದರು.

"ಹಗ್ಗ ಎಳೆದು ಚಾಲೂ ಮಾಡೂ ಸಣ್ಣ ಪಂಪು ಬಂದದೆ ಈಗ. ಪೆಟ್ರೋಲಿಂದು. ಎತ್ಕಂಡಿ ಹೋಗೂಕೂ ಬರ್ತದೆ."

"ಇದನ್ನ?"

"ಗುಜರಿಯವನ ಹತ್ರ ಮಾತಾಡಿದ್ದೆ. ಭಾನುವಾರ ಬಂದು ನೋಡ್ತ ಅಂವ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಪಾತ್ರೆ ಬಡಿಯುವವಳು, ಬಾಯಿ ಮಾಡುವವಳು. ಆವತ್ತು ಚಹಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಬಸ್ಸಿನಲ್ಲಿ ಕಾರವಾರಕ್ಕೆ ಹೋಗುವಾಗಲೆಲ್ಲ ನೌಕಾನೆಲೆಯ ಗೋಡೆ ಉದ್ದಕ್ಕೆ ಸಾಗುತ್ತದೆ. ಅದರಾಚೆ ಎಲ್ಲೋ ನಮ್ಮ ಬಾವಿ ಇತ್ತು ಎಂದು ನಾನು ಇವರಿಗೆ ಎಷ್ಟೋ ಸಲ ತೋರಿಸಿದ್ದೇನೆ, ಅವರೂ ಪ್ರತಿ ಸಲ ಕತ್ತು ಉದ್ದ ಮಾಡಿ ನೋಡಿದ್ದಾರೆ. ಅಷ್ಟು ಗೊತ್ತಿದ್ದವರು ಗುಜರಿಯವನನ್ನು ಕರೆಸಿದ್ದಾರಲ್ಲ ಎಂದುಕೊಳ್ಳುತ್ತ ತೊಳೆದ ಲೋಟವನ್ನೇ ಮತ್ತೆ ತೊಳೆದೆ. ರಾತ್ರಿ ಊಟ ಬಡಿಸುವಾಗ ಇಷ್ಟೇ ಹೇಳಿದೆ: "ಭಾನುವಾರ ಅಂವ ಬರೂದ್ರೊಳಗೆ ನಾ ಅದನ್ನ ಚಾಲೂ ಮಾಡಿದ್ರೆ ಎಂಜಿನ್ ಇಲ್ಲೇ ಇರ್ತದೆ. ಆಗ್ದಿದ್ರೆ ತಕಂಡು ಹೋಗಲಿ." ಅವರು ಆಗಲಿ ಎಂದು ತಲೆಯಾಡಿಸಿದರು. ಅತ್ತೆ ಇಬ್ಬರ ಮುಖವನ್ನೂ ನೋಡಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಭಾನುವಾರ ಬೆಳಿಗ್ಗೆ ಅವರಿಗೆ ಬಸ್ಸಿನ ನೆಪ ಇರಲಿಲ್ಲ. ಪ್ರದಕ್ಷಿಣೆ ಆಯಿತು, ಮೂಸಿದ್ದಾಯಿತು, ಎಣ್ಣೆ, ನೀರು, ಬೆಲ್ಟು ಎಲ್ಲ ಆಯಿತು. ಗರಟೆ ತೆಗೆದು ದೂರ ಇಟ್ಟರು. ನನ್ನ ತಪಾಸಣೆಗೂ ಏನೂ ಉಳಿದಿರಲಿಲ್ಲ. ಟವೆಲ್, ಕರಿಮಣಿ, ಜಡೆ, ಬಳೆ ಎಲ್ಲ ಅವರ ಮಾತಿನಂತೆಯೇ ಮಾಡಿಕೊಂಡು, ಅವರ ಹಳೆಯ ಬೂಟನ್ನೂ ಹಾಕಿಕೊಂಡು ನಿಂತಿದ್ದೆ. ನೋಡಲು ಸರ್ಕಸ್ಸಿನಿಂದ ತಪ್ಪಿಸಿಕೊಂಡು ಬಂದವಳ ಹಾಗಿದ್ದೆನಂತೆ, ಇದು ಅತ್ತೆಯ ಮಾತು.

"ಚಾಲೂ ಮಾಡ್ತೇ..."

ಆಚೆಯಿಂದ ‘ಮಾಡು’ ಬರಲಿಲ್ಲ.

"ಚಾಲೂ ಮಾಡ್ತೇ..."

ನಾನು ಬಗ್ಗಿಯೇ ಇದ್ದೆ. ‘ತಡಿ’ ಎಂಬ ಮಾತೂ ಬರಲಿಲ್ಲ. ಸೊಂಟ ನೋಯತೊಡಗಿದ ಮೇಲೆ ಎದ್ದು ನೋಡಿದೆ. ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಂಗೆ ಆಗೂದಿಲ್ಲ" ಎಂದರು.

"ಎಂತಾ ಆಗೂದಿಲ್ಲ?"

"ಆವತ್ತೂ ನಾನೇ ಮಾಡು ಅಂದದ್ದು."

ಆಗ ನನಗೆ ತಿಳಿಯಿತು. ಅವರ ‘ಮಾಡು’ವಿಗೂ ನನ್ನ ಕೈ ಮುರಿದದ್ದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವರು ನೋಡಬೇಕಾದದ್ದನ್ನೆಲ್ಲ ನೋಡಿಯೇ ಹೇಳಿದ್ದರು, ತಲೆ ತಿರುಗಿಸಿದವಳು ನಾನು. ಇದನ್ನು ನಾನು ಊರಿಗೆಲ್ಲ ನಕ್ಕು ನಗಿಸಿ ಹೇಳಿದ್ದೆ. ಆದರೆ ಅವರು ‘ಮಾಡು’ ಎಂದ ಬೆನ್ನಿಗೇ ನನ್ನ ಚೀರಾಟ ಕೇಳಿದವರು. ಇಷ್ಟು ದಿನ ಎಣ್ಣೆ, ನೀರು, ಗಾಳಿ, ಹಾವು ಎಂದು ಹುಡುಕಿದ್ದು ಆ ಒಂದು ಮಾತು ಹೇಳಬೇಕಾಗಿ ಬರದಿರಲಿ ಎಂದು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಹಾಗೆಂದು ಎಂಜಿನ್ ಬಿಟ್ಟುಕೊಡುವಷ್ಟು ಅಲ್ಲ.

"ಹೇಳೂಕೆ ಆಗ್ದಿದ್ರೆ ಬೇಡ. ಇಲ್ಲಿ ಬನ್ನಿ" ಎಂದೆ. "ಲಿವರ್ ನೀವು ಹಿಡೀರಿ. ನಾ ಎರಡೂ ಕೈಯಲ್ಲಿ ತಿರುಗಿಸ್ತೆ. ಒಂದೇ ಕೈಗೆ ಇನ್ನೂ ಅಷ್ಟು ಬಲ ಬರ್ಲಿಲ್ಲ."

ಇದನ್ನು ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಕಾಯಿ ತುರಿದರೆ ಸಂಜೆಗೆ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಅವರು ಹತ್ತಿರ ಬಂದವರು ಲಿವರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ. ನಾ ಮೊದ್ಲೇ ಬಿಟ್ರೆ?"

"ಬಿಡಬೇಡಿ. ನಾ ‘ಹಾಂ’ ಅಂದಾಗ ಬಿಡಿ."

"ಕೈ ಜಾರಿದ್ರೆ?"

"ಜಾರೂಕೆ ನಿಮ್ಮ ಕೈಯಲ್ಲಿ ಎಣ್ಣೆ ಎಲ್ಲಿದೆ? ಎಲ್ಲಾ ಬನಿಯನ್ನಿಗೆ ಒರೆಸಿದ್ರಿ."

ಅವರು ನಗಲಿಲ್ಲ. ಕೈಯನ್ನು ಮತ್ತೊಮ್ಮೆ ಬನಿಯನ್ನಿಗೆ ಒರೆಸಿಕೊಂಡು ಬಂದು ಲಿವರ್ ಎತ್ತಿ ಹಿಡಿದರು. ಈಗ ಇನ್ನೊಂದು ತೊಡಕು. ನಾವಿಬ್ಬರೂ ಎಂಜಿನ್ನಿಗೆ ಅಂಟಿಕೊಂಡ ಮೇಲೆ ಆಚೆ ಬದಿ ನೋಡುವವರು ಯಾರು? ನಾನು ಅತ್ತೆಯ ಕಡೆ ನೋಡಿದೆ. ಗದ್ದೆಯ ಬದುವಿನ ಮೇಲೆ ಕುಳಿತಿದ್ದ ಅವರು ಇಷ್ಟು ಹೊತ್ತೂ ತಮಗೂ ಇದಕ್ಕೂ ಸಂಬಂಧವಿಲ್ಲದ ಹಾಗೆ ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಸೊಪ್ಪನ್ನು ಮಡಿಲಿಂದ ಕೊಡವಿ ಎದ್ದರು. ಕನ್ನಡಕ ಏರಿಸಿಕೊಂಡು ಬಂದು ಚಕ್ರದ ಹತ್ತಿರ ಬಗ್ಗಿದರು, ಬೆಲ್ಟಿನ ಉದ್ದಕ್ಕೂ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತ ಪಂಪಿನ ತನಕ ಹೋದರು, ಗೂಡಿನ ಮೂಲೆಗೆ ಒಂದು ಕಲ್ಲು ಎಸೆದರು, ಕೊಕ್ಕರೆಯನ್ನು ಓಡಿಸಿದರು. ಮಗನ ತರಬೇತಿ ತಾಯಿಗೂ ಹತ್ತಿದ ಹಾಗಿತ್ತು. ಆಮೇಲೆ ಆಚೆ ನಿಂತು ಸೊಂಟದ ಮೇಲೆ ಕೈಯಿಟ್ಟರು.

"ಚಾಲೂ ಮಾಡ್ತೇ..." ಎಂದೆ.

"ಮಾಡು!" ಎಂದರು ಅತ್ತೆ. "ಬೇಗ ಮಾಡು, ಬಿಸಿಲೇರ್ತು."

ಹ್ಯಾಂಡಲ್ ಒದೆದರೆ ಸಿಕ್ಕಿಕೊಳ್ಳದಿರಲೆಂದು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಂಡು ಎರಡೂ ಕೈಯಲ್ಲಿ ತಿರುಗಿಸಿದೆ. ಮೊದಲು ಭಾರ, ಆಮೇಲೆ ಹಗುರ, ಚಕ್ರ ವೇಗ ಹಿಡಿಯಿತು. "ಹಾಂ!" ಎಂದೆ. ಅವರು ಬಿಡಲಿಲ್ಲ. "ಹಾಂ! ಹಾಂ!" ಎಂದೆ. ಅವರು ಲಿವರನ್ನು ಇನ್ನೂ ಗಟ್ಟಿಯಾಗಿ ಮೇಲೆತ್ತಿ ಹಿಡಿದರು. ಎಂಜಿನ್ ಚುಸ್ ಚುಸ್ ಎನ್ನುತ್ತ ಸುತ್ತಿತು, ನನ್ನ ಉಸಿರು ನಿಂತಿತು, ಚಕ್ರ ನಿಧಾನವಾಗಿ ತಾನೇ ನಿಂತಿತು.

"ಬಿಡಿ ಅಂದ್ರೆ ಬಿಡ್ಬೇಕು ಮಾರಾಯ್ರೆ!"

"ಇನ್ನೂ ವೇಗ ಬರ್ಲಿ ಅಂದ್ಕಂಡಿ..."

"ಇನ್ನೂ ವೇಗ ಬಂದ್ರೆ ನಾ ಗೋಕರ್ಣಕ್ಕೆ ಹೋಗಿ ಮುಟ್ತೆ."

ಅತ್ತೆ ಆಚೆ ಬದಿಯಿಂದ ಗೊಳ್ಳನೆ ನಕ್ಕರು. ನನ್ನ ಮಣಿಕಟ್ಟು ಅದಾಗಲೇ ನೋಯುತ್ತಿತ್ತು. ಇನ್ನೊಂದು ಸಲ ತಿರುಗಿಸುವಷ್ಟು ಬಲ ಇದೆ, ಅದರ ಮೇಲೆ ಇಲ್ಲ ಎಂದು ನನಗೆ ಗೊತ್ತಾಗಿತ್ತು. ಅವರಿಗೂ ಗೊತ್ತಾಗಿರಬೇಕು, ನನ್ನ ಮುಖ ನೋಡಿ ಹ್ಯಾಂಡಲಿನ ಕಡೆ ಕೈ ಚಾಚಿದರು. ನಾನು ಕೊಡಲಿಲ್ಲ. ಅವರು ಚಾಚಿದ ಕೈ ಹಿಂದೆ ತೆಗೆದುಕೊಂಡು ಮತ್ತೆ ಲಿವರ್ ಹಿಡಿದರು. ನಾನು ಮತ್ತೆ ಕೂಗಿದೆ, ಅತ್ತೆ ಮತ್ತೆ ‘ಮಾಡು’ ಎಂದರು.

ಈ ಸಲ ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ರೆಪ್ಪೆ ಬಡಿಯಲಿಲ್ಲ. ನನಗೂ ಆ ಹೊತ್ತಿಗೆ ಒಳಗೊಳಗೆ ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆಯಿಲ್ಲ. ನನ್ನ ಮೂಳೆ ಅವರ ಎರಡು ಬೆರಳಿನ ಕೆಳಗಿತ್ತು. ತಿರುಗಿಸಿದೆ. ಚಕ್ರ ವೇಗ ಹಿಡಿಯಿತು. "ಹಾಂ!" ಎಂದೆ. ಬಿಟ್ಟರು.

ಎಂಜಿನ್ ಒಮ್ಮೆ ಕೆಮ್ಮಿ, ಕರಿ ಹೊಗೆ ಕಾರಿ, ಹಿಡಿದುಕೊಂಡಿತು. ಹ್ಯಾಂಡಲ್ ತಾನಾಗಿ ಕಳಚಿ ನನ್ನ ಕೈಗೆ ಬಂತು. ಪಂಪಿನ ಬಾಯಿಂದ ಮೊದಲು ಸಗಣಿ ನೀರು, ಆಮೇಲೆ ತಿಳಿನೀರು ಬಂದು ಕಾಲುವೆಗೆ ಬಿತ್ತು. ಅತ್ತೆ ಏನೋ ಕೂಗಿ ಹೇಳುತ್ತಿದ್ದರು, ಎಂಜಿನ್ ಸದ್ದಿಗೆ ಕೇಳಿಸಲಿಲ್ಲ. ನಾನು ಹ್ಯಾಂಡಲ್ ಎತ್ತಿ ಅವರಿಗೆ ತೋರಿಸಿದೆ. ಚೆಂಡಿಯಾದಲ್ಲಿ ಅಪ್ಪ ಚಾಲೂ ಮಾಡುತ್ತಿದ್ದಾಗ ಕೇಳುತ್ತಿದ್ದ ಸದ್ದೇ ಇದು, ಒಂದು ಚೂರೂ ಬದಲಾಗಿಲ್ಲ. ನನಗೆ ಅಳು ಬಂತು, ಹೊಗೆ ಇದ್ದದ್ದರಿಂದ ಅನುಕೂಲವಾಯಿತು.

ನಮ್ಮ ಮನೆಯವರು ಗುಜರಿಯವನಿಗೆ ಬರಬೇಡ ಎಂದು ಫೋನ್ ಮಾಡಲು ರಸ್ತೆಯ ಕಡೆ ಹೋದರು. ತಿರುಗಿ ಬಂದವರು ನನ್ನ ಹತ್ತಿರ ಬರಲಿಲ್ಲ. ಕಾಲುವೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈಯನ್ನು ಹರಿಯುವ ನೀರಿನಲ್ಲಿ ಇಟ್ಟುಕೊಂಡರು. ಎಣ್ಣೆ ತೊಳೆಯುತ್ತಿದ್ದಾರೆ ಎಂದುಕೊಂಡು, ಇಷ್ಟು ಹೊತ್ತು ಎಂತಾ ತೊಳೆಯುವುದು ಎಂದು ಕೇಳಿ ಛೇಡಿಸಲು ಹತ್ತಿರ ಹೋದೆ. ಎಣ್ಣೆ ಇರಲಿಲ್ಲ. ಅವರ ಬಲಗೈ ನೀರಿನೊಳಗೂ ಗಡಗಡ ನಡುಗುತ್ತಿತ್ತು, ಎಡಗೈಯಲ್ಲಿ ಅದನ್ನು ಅದುಮಿ ಹಿಡಿದುಕೊಂಡಿದ್ದರು.

ನಾನು ಪಕ್ಕದಲ್ಲಿ ಕುಳಿತೆ, ನನ್ನ ನೋಯುವ ಕೈಯನ್ನೂ ನೀರಿಗೆ ಇಳಿಬಿಟ್ಟೆ. ಆಮೇಲೆ ಎಷ್ಟೋ ಮದುವೆಮನೆಗಳಿಗೆ ಹೋಗಿ ಬಂದಿದ್ದೇನೆ. ಹೆಲ್ಮೆಟ್ಟಿನ ಕಥೆ ಹೇಳಿದ್ದೇನೆ, ಗರಟೆಯ ಕಥೆ ಹೇಳಿದ್ದೇನೆ, ಲಿವರ್ ಬಿಡದೆ ಹಿಡಿದುಕೊಂಡು ನಿಂತದ್ದನ್ನು ಎದ್ದು ನಿಂತು ಮಾಡಿ ತೋರಿಸಿದ್ದೇನೆ, ಅವರೂ ಎಲ್ಲರ ಜೊತೆ ನಕ್ಕಿದ್ದಾರೆ. ಕೈ ನಡುಗಿದ್ದನ್ನು ಮಾತ್ರ ಯಾರ ಮುಂದೆಯೂ ಹೇಳಿಲ್ಲ.